ಮಿಡಜೊಲಾಮ್ ಬಿಟ್ರೆ ಬೇರೆ ಯಾವ್ದು? ಡೆಂಟಲ್ ಸೆಡೇಶನ್‌ಗೆ ಪರ್ಯಾಯ ಔಷಧಿ ಅಳೆದು ನೋಡೋ ಸಮಗ್ರ ಮಾರ್ಗದರ್ಶಿ

ಸೆಡೇಶನ್ (ಔಷಧಿ ಕೊಟ್ಟು ಮಂಪರು ಬರಿಸಿ ಭಯ ಇಳಿಸೋದು) ಮಾಡೋ ಡೆಂಟಿಸ್ಟ್‌ಗಳು ನಾಲ್ಕು ಜನ ಒಂದು ಕಡೆ ಸೇರಿದ್ರೆ ಸಾಕು, ಮಾತು ಸುತ್ತಿ ಬಳಸಿ ಹೊಸ ಔಷಧಿ ಹತ್ರಾನೇ ಬಂದು ನಿಲ್ಲತ್ತೆ, ರೆಮಿಮಜೊಲಾಮ್ ನೋಡಿದ್ರಾ, ಡೆಕ್ಸ್ (ಡೆಕ್ಸ್‌ಮೆಡಿಟೊಮಿಡಿನ್) ಮೂಗಿಗೆ ಹಾಕಿದ್ರೆ ಮಕ್ಕಳು ಹಾಗೇ ತಣ್ಣಗೆ ಮಲ್ಕೊಳ್ತವಂತೆ ಹೌದಾ, ಅಂತ. ನಾನು ಆಗ ಒಂದೇ ಪ್ರಶ್ನೆ ಕೇಳೋದು, ಈಗ ಕೊಡ್ತಿರೋ ಮಾಮೂಲಿ ಔಷಧಿ ಮಿಡಜೊಲಾಮ್‌ನಿಂದ ನಿಮಗೆ ಆಗಿರೋ ತೊಂದ್ರೆ ಏನು? ಬಹಳ ಸಲ ಉತ್ತರ ಬರಲ್ಲ. ತೊಂದ್ರೆ ಯಾವ್ದು ಅಂತ ಗೊತ್ತಿಲ್ದೆ ಮದ್ದು ಬದಲಾಯಿಸಿದ್ರೆ ಹಳೇ ತೊಂದ್ರೆ ಹಂಗೇ ಉಳಿಯತ್ತೆ, ಜೊತೆಗೆ ಹೊಸದೊಂದು ಬಂದು ಕೂತ್ಕೊಳ್ಳತ್ತೆ.

ಇದನ್ನ ಬರೀತಿರೋದು ಸೆಡೇಶನ್ ಟ್ರೈನಿಂಗ್ ಆಗಿರೋರಿಗೆ, ಐವಿ (ರಕ್ತನಾಳಕ್ಕೆ ಸೂಜಿ) ಹಾಕಿ ಅಭ್ಯಾಸ ಇರೋರಿಗೆ, ಉಸಿರು ನಿಂತ್ರೆ ಮಾಸ್ಕ್ ಹಿಡಿದು ಬ್ಯಾಗ್ ಒತ್ತೋಕೆ ಬರೋರಿಗೆ. ಅದು ಇನ್ನೂ ಬರಲ್ಲ ಅಂದ್ರೆ ಔಷಧಿ ಆರಿಸೋ ವಿಚಾರ ಆಮೇಲೆ, ಮೊದ್ಲು ಅದು ಕಲೀರಿ. ಕೆಳಗೆ ಕೊಟ್ಟಿರೋ ಡೋಸ್‌ಗಳು ಹೋಲಿಸಿ ನೋಡೋಕೆ ಮಾತ್ರ, ಪೇಶಂಟ್‌ಗೆ ಕೊಡೋ ಮುಂಚೆ ಔಷಧಿ ಜೊತೆ ಬರೋ ಚೀಟಿ ಮತ್ತೆ ನಿಮ್ಮಲ್ಲಿನ ನಿಯಮ ಎರಡನ್ನೂ ಓದ್ಕೊಳ್ಳಿ.

ಹಂತ 1: ಗೆರೆ ಎಲ್ಲಿದೆ ಅಂತ ಮೊದ್ಲು ಎಳ್ಕೊಳ್ಳಿ

ಕಾನ್ಶಿಯಸ್ ಸೆಡೇಶನ್ ಅಂದ್ರೆ ಪೇಶಂಟ್ ಮಂಪರಲ್ಲಿರ್ತಾರೆ, ಆದ್ರೆ ಮಾತಾಡಿಸಿದ್ರೆ ಅರ್ಥ ಮಾಡ್ಕೊಂಡು ಪ್ರತಿಕ್ರಿಯೆ ಕೊಡ್ತಾರೆ, ಉಸಿರಿನ ದಾರಿ ತಾವೇ ಕಾಪಾಡ್ಕೊಳ್ತಾರೆ, ನಾವು ಗದ್ದ ಎತ್ತಿ ಹಿಡೀಬೇಕಾಗಿಲ್ಲ. ನೋವಿಗೆ ಕೈ ಹಿಂದಕ್ಕೆ ಎಳ್ಕೊಂಡ್ರು ಅನ್ನೋದು ಲೆಕ್ಕಕ್ಕಿಲ್ಲ, ಅದು ಬರೀ ರಿಫ್ಲೆಕ್ಸ್. "ಬಾಯಿ ಇನ್ನೂ ಸ್ವಲ್ಪ ತೆಗೀರಿ" ಅಂದಾಗ ತೆಗೆದ್ರಾ ಅನ್ನೋದೇ ಪರೀಕ್ಷೆ.

ನಮ್ಮ ಕೆಲಸದಲ್ಲಿ ಈ ಪರೀಕ್ಷೆ ಪುಕ್ಕಟೆ ಸಿಗತ್ತೆ. ಮಂಪರು ಜಾಸ್ತಿ ಆದ ತಕ್ಷಣ ಬಾಯಿ ತಾನಾಗೇ ಮುಚ್ಕೊಳ್ಳೋಕೆ ಶುರು ಆಗತ್ತೆ, ಅದೇ ಮೊದಲ ಎಚ್ಚರಿಕೆ ಗಂಟೆ. ಮೌತ್ ಪ್ರಾಪ್ (ಬಾಯಿ ತೆರೆದಿಡೋ ಆಸರೆ) ಇಟ್ಟುಬಿಟ್ರೆ ಆ ಗಂಟೆ ಕೇಳಿಸಲ್ಲ, ಪ್ರಜ್ಞೆ ಹೋದ್ರೂ ಬಾಯಿ ಆರಾಮಾಗಿ ತೆರ್ಕೊಂಡೇ ಇರತ್ತೆ. ಹಾಗಾಗಿ ಹೊಸ ಔಷಧಿ ಯಾವ್ದೇ ಮೊದ್ಲ ಸಲ ಕೊಡುವಾಗ ಪ್ರಾಪ್ ಇಡಬೇಡಿ ಅಂತ ನಾನು ಹೇಳ್ತೀನಿ, ಕೆಲಸ ಸ್ವಲ್ಪ ಕಷ್ಟ ಆಗತ್ತೆ, ಆಗ್ಲಿ.

ಇನ್ನೊಂದು ವಿಷಯ, ಬೇರೆ ವಿಭಾಗದವ್ರ ಅನುಭವ ನಮಗೆ ಹಾಗೇ ಒಪ್ಪಲ್ಲ. ಕೊಲೊನೊಸ್ಕೋಪಿ ಮಾಡೋರು ಕೆಲಸ ಮಾಡೋ ಜಾಗಕ್ಕೂ ಉಸಿರಿನ ದಾರಿಗೂ ಎಷ್ಟು ದೂರ ನೋಡಿ, ನಾವು ಆ ದಾರಿ ಬಾಗಿಲಲ್ಲೇ ನೀರು ಬಿಡ್ತಾ, ರಕ್ತ ಒರೆಸ್ತಾ, ಹಲ್ಲಿನ ಚೂರು ಎತ್ತುತಾ ಇರ್ತೀವಿ. ಕೆಮ್ಮೋ ಶಕ್ತಿ ಇರಲೇಬೇಕು. ನಮಗೆ ಅನುಕೂಲ ಏನಪ್ಪಾ ಅಂದ್ರೆ ನೋವಿನ ಕೆಲಸ ಲೋಕಲ್ ಅನೆಸ್ತೀಸಿಯಾ ನೋಡ್ಕೊಳ್ಳತ್ತೆ, ಸೆಡೇಶನ್ ಔಷಧಿ ಭಯ ಇಳಿಸಿದ್ರೆ ಸಾಕು. ಬ್ಲಾಕ್ (ಲೋಕಲ್ ಅನೆಸ್ತೀಸಿಯಾ ಇಂಜೆಕ್ಷನ್) ಸರಿಯಾಗಿ ಹತ್ತಿಲ್ಲ ಅಂತ ಮಂಪರು ಜಾಸ್ತಿ ಮಾಡೋದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಔಷಧಿ ಸಾಲ್ತಿಲ್ಲ ಅನ್ಸಿದ್ರೆ ಮೊದ್ಲು ಬ್ಲಾಕ್ ಇನ್ನೊಂದ್ಸಲ ಹಾಕಿ ನೋಡಿ, ಅರ್ಧಕ್ಕರ್ಧ ಸಮಸ್ಯೆ ಅಲ್ಲೇ ಮುಗಿಯತ್ತೆ.

ಹಂತ 2: ಮಿಡಜೊಲಾಮ್‌ನ ಅಳತೆಗೋಲು ಮಾಡ್ಕೊಳ್ಳಿ

ಹೋಲಿಸೋಕೆ ಒಂದು ಗಟ್ಟಿ ಆಧಾರ ಬೇಕು. ಐವಿಗೆ ನನ್ನ ಆಧಾರ ಮಿಡಜೊಲಾಮ್, ಉಸಿರಲ್ಲಿ ಕೊಡೋದಕ್ಕೆ ನೈಟ್ರಸ್ ಆಕ್ಸೈಡ್ ಗ್ಯಾಸ್. ಒಂದು ಹಾಳೆ ತಗೊಂಡು ಮಿಡಜೊಲಾಮ್ ಬಗ್ಗೆ ಗೊತ್ತಿರೋದೆಲ್ಲ ಬರೀರಿ. 1970ರ ದಶಕದ ನಡುವೆ ಹಾಫ್‌ಮನ್ ಲಾ ರೋಷ್‌ನಲ್ಲಿ ಹುಟ್ಟಿದ್ದು. ಆಂಪ್ಯೂಲ್ ಒಳಗೆ ಆಮ್ಲೀಯ ದ್ರಾವಣ, ನೀರಲ್ಲಿ ಕರಗತ್ತೆ, ರಕ್ತಕ್ಕೆ ಹೋದ ಮೇಲೆ ಅದರ ರಿಂಗ್ ಮುಚ್ಕೊಂಡು ಕೊಬ್ಬಲ್ಲಿ ಕರಗೋ ಹಾಗೆ ಬದಲಾಗತ್ತೆ, ಅದಕ್ಕೇ ರಕ್ತನಾಳಕ್ಕೆ ಡಯಾಜೆಪಾಮ್ ಥರ ಉರಿ ಇಲ್ಲ, ಮೆದುಳಿಗೂ ಬೇಗ ಮುಟ್ಟತ್ತೆ. ಐವಿ ಕೊಟ್ರೆ 1-2 ನಿಮಿಷಕ್ಕೆ ಶುರು, ಪೂರ್ತಿ ಪ್ರಭಾವ ಕಾಣೋಕೆ 3-5 ನಿಮಿಷ. ಅರ್ಧಾಯುಷ್ಯ (ರಕ್ತದಲ್ಲಿ ಔಷಧಿ ಅರ್ಧಕ್ಕೆ ಇಳಿಯೋಕೆ ಬೇಕಾದ ಸಮಯ) ಸುಮಾರು 2 ಗಂಟೆ ಆಸುಪಾಸು, ವಯಸ್ಸಾದವ್ರಲ್ಲಿ ಇನ್ನೂ ಜಾಸ್ತಿ. ಲಿವರ್‌ನ ಸಿವೈಪಿ3ಎ4 ಕಿಣ್ವ ಇದನ್ನ ಒಡೆಯತ್ತೆ. ನಡೆದಿದ್ದು ನೆನಪಿರಲ್ಲ, ಇದು ದೊಡ್ಡ ಪ್ಲಸ್. ವಿರುದ್ಧ ಔಷಧಿ ಇದೆ, ಫ್ಲೂಮಜೆನಿಲ್.

ಈಗ ಪಕ್ಕದಲ್ಲಿ ನಿಮಗೆ ನಿಜವಾಗ್ಲೂ ಆಗಿರೋ ತೊಂದ್ರೆ ಬರೀರಿ, ಪುಸ್ತಕದ್ದಲ್ಲ. ಎಚ್ಚರ ಆಗೋಕೆ ಲೇಟ್ ಆಗ್ತಿದ್ಯಾ? ಕೆಲವು ಮಕ್ಕಳು ಶಾಂತ ಆಗೋ ಬದಲು ಉಲ್ಟಾ ರೇಗಾಡ್ತಿದಾರಾ? ಸೂಜಿಗೇ ಹೆದರೋ ಪೇಶಂಟ್‌ಗೆ ಐವಿ ಹಾಕೋಕೇ ಆಗ್ತಿಲ್ವಾ? ದಿನಾ ನಿದ್ದೆ ಮಾತ್ರೆ ನುಂಗೋರಿಗೆ ಹತ್ತು ಎಂಜಿ ಕೊಟ್ರೂ ಕಣ್ಣು ಪಿಳಿಪಿಳಿ ಅಂತಿದ್ಯಾ? ಒಂದೊಂದಕ್ಕೂ ಪರಿಹಾರ ಬೇರೆ. ಮೊದಲನೆಯದಕ್ಕೆ ರೆಮಿಮಜೊಲಾಮ್ ಅರ್ಥ ಇದೆ, ಎರಡನೆಯದಕ್ಕೆ ಡೆಕ್ಸ್, ಮೂರನೆಯದಕ್ಕೆ ಬೇರೆ ದಾರಿಯಲ್ಲಿ ಕೊಡೋದು ಯೋಚಿಸ್ಬೇಕು, ನಾಲ್ಕನೆಯದು ಬಹುಶಃ ನಿಮ್ಮ ಚೇರ್‌ನ ಕೆಲಸವೇ ಅಲ್ಲ, ಅರಿವಳಿಕೆ ತಜ್ಞರನ್ನ ಕರೆಸ್ಬೇಕಾದ್ದು.

ಹಂತ 3: ಐದು ಪ್ರಶ್ನೆ, ಇದೇ ಕ್ರಮದಲ್ಲಿ

ಪ್ರತಿ ಔಷಧಿಗೂ ಒಂದು ಹಾಳೆ, ಪ್ರತಿ ಹಾಳೆಗೂ ಇದೇ ಐದು ಪ್ರಶ್ನೆ. ಒಂದು, ಜಾಸ್ತಿ ಆದ್ರೆ ಏನಾಗತ್ತೆ, ವಾಪಸ್ ತರೋಕೆ ನನ್ನ ಕೈಲಿ ಏನಿದೆ? ಎರಡು, ಕೊಟ್ಟ ಮೇಲೆ ಪ್ರಭಾವ ಎಷ್ಟು ಬೇಗ ಕಣ್ಣಿಗೆ ಕಾಣತ್ತೆ, ಅಂದ್ರೆ ಸ್ವಲ್ಪ ಸ್ವಲ್ಪ ಕೊಟ್ಟು ನೋಡ್ಕೊಂಡು ಹೋಗೋಕಾಗತ್ತಾ? ಮೂರು, ಪೇಶಂಟ್ ಎದ್ದು ಮನೆಗೆ ಹೋಗೋದು ಯಾವಾಗ? ನಾಲ್ಕು, ಅವ್ರು ಈಗಾಗ್ಲೇ ತಗೊಳ್ತಿರೋ ಮಾತ್ರೆ ಜೊತೆ ಜಗಳ ಆಡತ್ತಾ? ಐದು, ಭಯ ಎಷ್ಟು ಚೆನ್ನಾಗಿ ಇಳಿಸತ್ತೆ?

ಕಂಪನಿಯವ್ರು ಬಂದು ವಿವರಿಸುವಾಗ ಐದನೆಯದ್ರಿಂದ ಶುರು ಮಾಡ್ತಾರೆ, ಮೊದಲನೆಯದಕ್ಕೆ ಬರೋ ಹೊತ್ತಿಗೆ ಟೀ ಮುಗಿದಿರತ್ತೆ. ನೀವು ಮೇಲಿಂದ ಕೆಳಗೆ ಹೋಗಿ. ಮೊದಲ ಪ್ರಶ್ನೆಗೆ ಉತ್ತರ ಸರಿ ಇಲ್ಲ ಅಂದ್ರೆ ಉಳಿದ ನಾಲ್ಕು ಓದೋದೇ ಬೇಡ.

ಮೊದಲ ಪ್ರಶ್ನೇಲಿ ಒಂದು ಮೋಸ ಇದೆ. ವಿರುದ್ಧ ಔಷಧಿ ಇದೆ ಅಂದ ಕೂಡ್ಲೇ ನಾವು ನಿರಾಳ ಆಗಿಬಿಡ್ತೀವಿ. ಫ್ಲೂಮಜೆನಿಲ್ 0.2 ಎಂಜಿ 15 ಸೆಕೆಂಡಲ್ಲಿ ಕೊಟ್ಟು, ಎಚ್ಚರ ಆಗ್ಲಿಲ್ಲ ಅಂದ್ರೆ ಒಂದೊಂದು ನಿಮಿಷ ಬಿಟ್ಟು ಮತ್ತೆ ಕೊಡ್ತಾ ಸಾಮಾನ್ಯವಾಗಿ ಒಟ್ಟು 1 ಎಂಜಿ ತನಕ ಹೋಗಬಹುದು, ಎದ್ದು ಕೂತ್ಕೊಳ್ತಾರೆ, ನಗ್ತಾರೆ. ಆದ್ರೆ ಅದರ ಅರ್ಧಾಯುಷ್ಯ ಸುಮಾರು ಒಂದು ಗಂಟೆ, ಮಿಡಜೊಲಾಮ್‌ದು ಅದಕ್ಕಿಂತ ಜಾಸ್ತಿ. ಅಂದ್ರೆ ಕಾವಲುಗಾರ ಮೊದ್ಲು ಮನೆಗೆ ಹೋಗ್ತಾನೆ, ಕಳ್ಳ ಇನ್ನೂ ಒಳಗೇ ಇರ್ತಾನೆ. ಪೇಶಂಟ್ ಮತ್ತೆ ಮಂಪರಿಗೆ ಜಾರಬಹುದು, ಅದಕ್ಕೇ ಫ್ಲೂಮಜೆನಿಲ್ ಕೊಟ್ಟವ್ರನ್ನ ಬೇಗ ಕಳಿಸೋಕಾಗಲ್ಲ, ಇನ್ನೂ ಜಾಸ್ತಿ ಹೊತ್ತು ಕೂರಿಸ್ಕೋಬೇಕು. ಫಿಟ್ಸ್ ಇರೋರಿಗೆ, ವರ್ಷಗಟ್ಲೆ ಬೆಂಜೊ (ಮಿಡಜೊಲಾಮ್, ಡಯಾಜೆಪಾಮ್ ಕುಟುಂಬದ) ಮಾತ್ರೆ ತಗೊಳ್ತಿರೋರಿಗೆ ಕೊಟ್ರೆ ಫಿಟ್ಸ್ ಬರೋ ಅಪಾಯ ಬೇರೆ.

ಹಂತ 4: ಒಂದೊಂದೇ ಔಷಧಿ ಈ ಜರಡಿಗೆ ಹಾಕಿ

ನೈಟ್ರಸ್ ಆಕ್ಸೈಡ್. 1844ರ ಡಿಸೆಂಬರ್ 11ರಂದು ಹೊರೇಸ್ ವೆಲ್ಸ್ ಅನ್ನೋ ಡೆಂಟಿಸ್ಟ್ ಇದನ್ನ ಉಸಿರಾಡಿ ತನ್ನದೇ ಹಲ್ಲು ಕೀಳಿಸ್ಕೊಂಡ, ಹೊಸ ಔಷಧಿ ಮೌಲ್ಯಮಾಪನ ಮಾಡೋಕೆ ಅವನು ಆರಿಸಿದ ವಿಧಾನ ನಾವ್ಯಾರೂ ಅನುಸರಿಸೋದು ಬೇಡ. ಹಳೇದಾದ್ರೂ ಮೊದಲ ಮೂರು ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉತ್ತರ ಯಾರ ಹತ್ರಾನೂ ಇಲ್ಲ. ಇದರ ಮ್ಯಾಕ್ (ಕತ್ತರಿಸಿದ್ರೂ ಅರ್ಧದಷ್ಟು ಜನ ಅಲುಗಾಡದೆ ಇರೋಕೆ ಬೇಕಾದ ಸಾಂದ್ರತೆ) 104 ಪರ್ಸೆಂಟ್, ಅಂದ್ರೆ ಮಾಮೂಲಿ ವಾತಾವರಣದ ಒತ್ತಡದಲ್ಲಿ ಇದೊಂದರಿಂದಲೇ ಪೂರ್ತಿ ಅರಿವಳಿಕೆ ಕೊಡೋದು ಕಷ್ಟ, ಮೇಲಾಗಿ ಡೆಂಟಲ್ ಮೆಷಿನ್‌ಗಳು ಆಕ್ಸಿಜನ್ 30 ಪರ್ಸೆಂಟಿಗಿಂತ ಕೆಳಗೆ ಇಳಿಯೋಕೆ ಬಿಡಲ್ಲ. ಸ್ವಲ್ಪ ಸ್ವಲ್ಪ ಏರಿಸ್ತಾ ಹೋದ್ರೆ ಬಹಳ ಜನಕ್ಕೆ 30-50ರ ಒಳಗೆ ಸಾಕಾಗತ್ತೆ, ನಿಲ್ಲಿಸಿ ಬರೀ ಆಕ್ಸಿಜನ್ ಕೊಟ್ರೆ ಐದು ನಿಮಿಷದಲ್ಲಿ ಆಸಾಮಿ ಮಾಮೂಲಿ. ತೊಂದ್ರೆ ಏನು ಅಂದ್ರೆ ಮೂಗಲ್ಲಿ ಉಸಿರಾಡ್ಬೇಕು, ಅಳೋ ಮಗು ಬಾಯಲ್ಲಿ ಉಸಿರಾಡತ್ತೆ, ನೆಗಡಿ ಆದವ್ರಿಗೂ ಆಗಲ್ಲ. ಇತ್ತೀಚೆಗೆ ಕಣ್ಣಿನೊಳಗೆ ಗ್ಯಾಸ್ ತುಂಬೋ ರೆಟಿನಾ ಆಪರೇಶನ್ ಆಗಿದ್ರೆ, ಶ್ವಾಸಕೋಶದ ಸುತ್ತ ಗಾಳಿ ಸೇರಿದ್ರೆ, ಬಿ12 ಕೊರತೆ ಇದ್ರೆ, ಗರ್ಭಿಣಿಗೆ ಮೊದಲ ಮೂರು ತಿಂಗಳು, ಬೇಡ. ಸಿಬ್ಬಂದಿ ದಿನಾ ಅದೇ ಗಾಳಿ ಕುಡೀತಾರೆ, ಸ್ಕ್ಯಾವೆಂಜಿಂಗ್ (ಸೋರಿದ ಗ್ಯಾಸ್ ಎಳೆದು ಹೊರಗೆ ಹಾಕೋ ವ್ಯವಸ್ಥೆ) ಇಲ್ದೆ ಶುರುನೇ ಮಾಡಬೇಡಿ.

ರೆಮಿಮಜೊಲಾಮ್. ಅಮೆರಿಕದ ಎಫ್‌ಡಿಎ 2020ರಲ್ಲಿ ದೊಡ್ಡವ್ರಿಗೆ, 30 ನಿಮಿಷದ ಒಳಗಿನ ಪ್ರೊಸೀಜರ್‌ಗೆ ಒಪ್ಪಿಗೆ ಕೊಟ್ಟಿದ್ದು. ಮಿಡಜೊಲಾಮ್‌ನ ತಮ್ಮ ಅನ್ನಿ, ಆದ್ರೆ ಮೈಯಲ್ಲಿ ಒಂದು ಎಸ್ಟರ್ ಕೊಂಡಿ ಇದೆ, ಲಿವರ್‌ನ ಕಾರ್ಬಾಕ್ಸಿಲೆಸ್ಟರೇಸ್ ಅದನ್ನ ಟಕ್ ಅಂತ ಕತ್ತರಿಸತ್ತೆ, ಉಳಿಯೋ ಚೂರಿಗೆ ಹೆಚ್ಚುಕಮ್ಮಿ ಶಕ್ತಿ ಇರಲ್ಲ. 5 ಎಂಜಿ ಒಂದು ನಿಮಿಷದಲ್ಲಿ ಕೊಟ್ಟು, ಬೇಕಾದ್ರೆ ಕನಿಷ್ಠ 2 ನಿಮಿಷ ಬಿಟ್ಟು 2.5 ಎಂಜಿ ಸೇರಿಸ್ತಾ ಹೋಗೋದು. ಕೊನೇ ಡೋಸ್ ಆದ ಮೇಲೆ ಹತ್ತು-ಹದಿನೈದು ನಿಮಿಷದಲ್ಲಿ ಪೂರ್ತಿ ಎಚ್ಚರ. ಫ್ಲೂಮಜೆನಿಲ್ ಇದಕ್ಕೂ ಕೆಲಸ ಮಾಡತ್ತೆ, ಇಲ್ಲಿ ಕಳ್ಳನೇ ಮೊದ್ಲು ಹೋಗ್ತಾನೆ ಅನ್ನೋದು ಸಮಾಧಾನ. ಸಿವೈಪಿ ಕಿಣ್ವಗಳ ಗೊಡವೆ ಇಲ್ಲ. ಪುಡಿ ರೂಪದಲ್ಲಿ ಬರತ್ತೆ, ಕಲಸ್ಕೋಬೇಕು. ಅದರಲ್ಲಿ ಡೆಕ್ಸ್‌ಟ್ರಾನ್ 40 ಇರೋದ್ರಿಂದ ಅದಕ್ಕೆ ತೀವ್ರ ಅಲರ್ಜಿ ಇದ್ರೆ ಕೊಡೋ ಹಾಗಿಲ್ಲ. ಲಿವರ್ ತೀರಾ ಕೆಟ್ಟಿರೋರಿಗೆ ಹುಷಾರಾಗಿ ಕೊಡ್ಬೇಕು. ನಾಲ್ಕು ವಿಸ್ಡಮ್ ಹಲ್ಲು, ಒಂದೂವರೆ ಗಂಟೆ ಕೆಲಸ ಅಂದ್ರೆ ಸಿರಿಂಜ್ ಕೆಳಗಿಡೋಕೇ ಆಗಲ್ಲ, ಅಷ್ಟು ಸಲ ಕೊಡ್ತಾ ಇರ್ಬೇಕು, ಬೇಗ ಇಳಿಯೋದೇ ಅಲ್ಲಿ ಮೈನಸ್ ಆಗತ್ತೆ.

ಡೆಕ್ಸ್‌ಮೆಡಿಟೊಮಿಡಿನ್. ಬೆಂಜೊ ಕುಟುಂಬದ್ದೇ ಅಲ್ಲ, ಆಲ್ಫಾ-2 ರಿಸೆಪ್ಟರ್ ಮೇಲೆ ಕೂತು ಮೆದುಳಿನ ಎಚ್ಚರದ ಕೇಂದ್ರಾನ ಸಣ್ಣಗೆ ಮಾಡತ್ತೆ, ಅದಕ್ಕೇ ಇದರ ಮಂಪರು ಮಾಮೂಲಿ ನಿದ್ದೆ ಥರ ಕಾಣೋದು, ಹೆಸರು ಹಿಡಿದು ಕರೆದ್ರೆ ಕಣ್ಣು ಬಿಡ್ತಾರೆ, ಬಿಟ್ರೆ ಮತ್ತೆ ಮಲ್ಕೊಳ್ತಾರೆ. ಉಸಿರನ್ನ ಅಷ್ಟಾಗಿ ತಗ್ಗಿಸಲ್ಲ. ಆದ್ರೆ ಅಪಾಯ ಮಾಯ ಆಗಿಲ್ಲ, ಉಸಿರಿಂದ ಎದೆಬಡಿತಕ್ಕೆ ಮನೆ ಬದಲಾಯಿಸಿದೆ ಅಷ್ಟೇ. ನಾಡಿ ಇಳಿಯತ್ತೆ, ಬಿಪಿ ಇಳಿಯತ್ತೆ, ಬೇಗ ನೂಕಿಬಿಟ್ರೆ ಮೊದ್ಲು ಬಿಪಿ ಏರಿ ಆಮೇಲೆ ಇಳಿಯತ್ತೆ. ಹಾಗಾಗಿ ಲೋಡಿಂಗ್ ಡೋಸ್ ಅಂತ ಕೆಜಿಗೆ 1 ಮೈಕ್ರೋಗ್ರಾಂ, 10 ನಿಮಿಷದಲ್ಲಿ, ಪಂಪ್ ಮೂಲಕಾನೇ. 70 ಕೆಜಿ ಮನುಷ್ಯನಿಗೆ 70 ಮೈಕ್ರೋಗ್ರಾಂ, ಮಿಲಿಗೆ 4 ಮೈಕ್ರೋಗ್ರಾಂ ಬರೋ ಹಾಗೆ ಕಲಸಿದ್ರೆ 17.5 ಮಿಲಿ, ಕೈಯಲ್ಲಿ ಒತ್ತಿ ಹತ್ತು ನಿಮಿಷ ಎಳೆಯೋಕೆ ಯಾರಿಗೂ ತಾಳ್ಮೆ ಇರಲ್ಲ, ನನಗಂತೂ ಇಲ್ಲ. ಬೀಟಾ ಬ್ಲಾಕರ್ ತಗೊಳ್ತಿರೋರು, ಹಾರ್ಟ್ ಬ್ಲಾಕ್ ಇರೋರು ಈ ಹಾಳೆಯಿಂದ ಹೊರಗೆ. ಮನುಷ್ಯರಿಗೆ ಅಂತ ಒಪ್ಪಿಗೆ ಪಡೆದ ವಿರುದ್ಧ ಔಷಧಿ ಇಲ್ಲ, ಅಟಿಪಮೆಜೋಲ್ ಪಶುವೈದ್ಯರ ಕಪಾಟಲ್ಲಿ ಇರೋದು. ನೆನಪು ಅಳಿಸೋದ್ರಲ್ಲೂ ಮಿಡಜೊಲಾಮ್‌ನಷ್ಟು ನಂಬೋಕಾಗಲ್ಲ, ಪೇಶಂಟ್ ಮಲಗಿದ್ರಲ್ಲ ಅಂತ ನಾವು ಅಂದ್ಕೊಂಡಿರ್ತೀವಿ, ಮಾರನೇ ದಿನ ಡ್ರಿಲ್ ಸೌಂಡ್ ಸಮೇತ ಹೇಳ್ತಾರೆ. ಎದ್ದು ನಿಂತಾಗ ತಲೆ ಸುತ್ತಿ ಬೀಳಬಹುದು, ಚೇರ್ ನಿಧಾನಕ್ಕೆ ಎತ್ತಿ.

ಮೂಗಿನ ದಾರಿ ಬಗ್ಗೆ ಸ್ವಲ್ಪ ನಿಂತು ಹೇಳ್ತೀನಿ, ಯಾಕಂದ್ರೆ ಮಕ್ಕಳ ವಿಷಯದಲ್ಲಿ ಎಲ್ಲರ ಆಸೆ ಇಲ್ಲೇ. 20 ಕೆಜಿ ಮಗು ಅಂದ್ಕೊಳ್ಳಿ. ಮಿಡಜೊಲಾಮ್ ಕೆಜಿಗೆ 0.2 ಎಂಜಿ ಅಂದ್ರೆ 4 ಎಂಜಿ. ಮಿಲಿಗೆ 5 ಎಂಜಿ ಇರೋ ಆಂಪ್ಯೂಲ್ ಆದ್ರೆ 0.8 ಮಿಲಿ, ಒಂದೊಂದು ಹೊಳ್ಳೆಗೆ 0.4, ಸರಿ ಹೋಗತ್ತೆ. ಅದೇ ಮಿಲಿಗೆ 1 ಎಂಜಿ ಇರೋದು ಎತ್ಕೊಂಡ್ರೆ 4 ಮಿಲಿ, ಅರ್ಧಕ್ಕರ್ಧ ಗಂಟಲಿಗೆ ಸುರಿದು ನುಂಗಿಬಿಡತ್ತೆ ಮಗು, ನೀವು ಮೂಗಿಗೆ ಕೊಟ್ಟಿದ್ದು ಅಂತ ಬರ್ಕೊಂಡಿರ್ತೀರ. ಆಮ್ಲೀಯ ದ್ರಾವಣ ಅಂತ ಮೇಲೆ ಹೇಳಿದ್ನಲ್ಲ, ಅದು ಮೂಗಲ್ಲಿ ಖಾರದ ಪುಡಿ ಹಾಕಿದಂಗೆ ಉರಿಯತ್ತೆ, ಮಗು ಕಿರುಚತ್ತೆ, ಎರಡನೇ ಹೊಳ್ಳೆಗೆ ಬಿಡೋದೇ ಇಲ್ಲ. ಡೆಕ್ಸ್ ಆದ್ರೆ ಕೆಜಿಗೆ 2 ಮೈಕ್ರೋಗ್ರಾಂ, 40 ಮೈಕ್ರೋಗ್ರಾಂ, ಮಿಲಿಗೆ 100 ಇರೋ ವೈಯಲ್‌ನಿಂದ ನೇರವಾಗಿ 0.4 ಮಿಲಿ, ಉರಿ ಇಲ್ಲ. ಇಷ್ಟು ಕೇಳಿದ್ರೆ ಡೆಕ್ಸ್ ಗೆದ್ದಂಗೇ. ಆದ್ರೆ ಹತ್ತೋಕೆ 25-45 ನಿಮಿಷ, ಇಳಿಯೋಕೂ ನಿಧಾನ. ಮೊದ್ಲ ಸಲ ಕೊಟ್ಟಾಗ ಇಪ್ಪತ್ತು ನಿಮಿಷಕ್ಕೆ ಏನೂ ಆಗ್ಲಿಲ್ಲ ಅಂತ ನಾನು ಚಡಪಡಿಸಿ ಮಗುನ ಚೇರ್ ಮೇಲೆ ಕೂರಿಸಿಬಿಟ್ಟೆ, ಅತ್ತಿದ್ದೇ ಅತ್ತಿದ್ದು, ಕೆಲಸ ಬಿಟ್ವಿ, ನಲವತ್ತನೇ ನಿಮಿಷಕ್ಕೆ ನೋಡಿದ್ರೆ ತಾಯಿ ಹೆಗಲ ಮೇಲೆ ಗಾಢ ನಿದ್ದೆ. ಔಷಧಿದು ತಪ್ಪಿರ್ಲಿಲ್ಲ, ಗಡಿಯಾರ ನೋಡೋ ನಂದೇ ತಪ್ಪು. ಎರಡೂ ಔಷಧಿ ಬಹಳ ಕಡೆ ಮೂಗಿನ ದಾರಿಗೆ ಲೈಸೆನ್ಸ್ ಆಗಿರಲ್ಲ, ಒಪ್ಪಿಗೆ ಪತ್ರದಲ್ಲಿ ಅದನ್ನ ಬರೀಬೇಕು, ಪೋಷಕರಿಗೆ ಬಾಯಿ ಬಿಟ್ಟು ಹೇಳ್ಬೇಕು.

ಬಾಯಿ ಮೂಲಕ ಕೊಡೋವು. ಟ್ರಯಜೋಲಾಮ್, ಟೆಮಜೆಪಾಮ್, ಡಯಾಜೆಪಾಮ್, ಸಿರಪ್ ರೂಪದ ಮಿಡಜೊಲಾಮ್, ಎಲ್ಲಕ್ಕೂ ಎರಡನೇ ಪ್ರಶ್ನೆಯಲ್ಲಿ ಒಂದೇ ಉತ್ತರ, ಟೈಟ್ರೇಟ್ ಮಾಡೋಕಾಗಲ್ಲ, ಅಂದ್ರೆ ಸ್ವಲ್ಪ ಸ್ವಲ್ಪ ಕೊಟ್ಟು ನೋಡೋಕಾಗಲ್ಲ. ನುಂಗಿದ ಮೇಲೆ ಬಾಣ ಬಿಟ್ಟಂಗೆ. ನನ್ನ ಶುರುವಿನ ದಿನಗಳಲ್ಲಿ ಒಂದು ಮಗು ಸಿರಪ್ ಅರ್ಧ ಉಗುಳ್ತು, ಎಷ್ಟು ಉಗುಳ್ತು ಅಂತ ಅಂದಾಜಲ್ಲೇ ಇನ್ನರ್ಧ ಕೊಟ್ಟೆ, ಅರ್ಧ ಗಂಟೆಗೆ ಎರಡೂ ಸೇರಿ ಹತ್ತಿ ಗದ್ದ ಎತ್ತಿ ಹಿಡ್ಕೊಂಡು ನಿಂತಿರೋ ಪರಿಸ್ಥಿತಿ. ಉಗುಳಿದ್ರೆ ಆ ದಿನದ ಕೆಲಸ ಕ್ಯಾನ್ಸಲ್, ಮತ್ತೆ ಡೋಸ್ ಇಲ್ಲ, ಅವತ್ತಿಂದ ಇದು ನಮ್ಮಲ್ಲಿ ಗೋಡೆ ಮೇಲೆ ಬರೆದಿರೋ ನಿಯಮ. ಡಯಾಜೆಪಾಮ್ ಅರ್ಧಾಯುಷ್ಯ ಒಂದು ದಿನಕ್ಕಿಂತ ಜಾಸ್ತಿ ಇರಬಹುದು, ಅದು ಒಡೆದು ಹುಟ್ಟೋ ಡೆಸ್‌ಮಿಥೈಲ್‌ಡಯಾಜೆಪಾಮ್ ಅದಕ್ಕಿಂತ ಉದ್ದ, ಹಿಂದಿನ ರಾತ್ರಿ ನಿದ್ದೆ ಬರ್ಲಿ ಅಂತ ಕೊಡೋಕೆ ಓಕೆ, ಬಂದು ಹೋಗೋ ಪೇಶಂಟ್‌ಗೆ ಮುಖ್ಯ ಔಷಧಿಯಾಗಿ ನಾನು ಆರಿಸಲ್ಲ. ಕ್ಲೋರಲ್ ಹೈಡ್ರೇಟ್ ಇನ್ನೂ ಯಾರಾದ್ರೂ ಕೊಡ್ತಿದ್ರೆ ನಿಲ್ಲಿಸಿ: ವಿರುದ್ಧ ಔಷಧಿ ಇಲ್ಲ, ಎದೆಬಡಿತ ಏರುಪೇರು ಮಾಡತ್ತೆ, ಪುಟ್ಟ ಮಕ್ಕಳಲ್ಲಿ ಬಹಳ ಹೊತ್ತು ಉಳಿಯತ್ತೆ.

ಪ್ರೊಪೊಫಾಲ್. ಔಷಧಿ ಅದ್ಭುತ, ಆದ್ರೆ ಅದನ್ನ ಕೊಡೋರು ನೀವಲ್ಲ. ಮಂಪರಿಗೂ ಪೂರ್ತಿ ಅರಿವಳಿಕೆಗೂ ನಡುವೆ ಇರೋ ಅಂತರ ತೀರಾ ಸಣ್ಣದು, ವಿರುದ್ಧ ಔಷಧಿ ಇಲ್ಲ. ಒಂದು ಕಣ್ಣು ಹಲ್ಲಿನ ಮೇಲೆ ಇಟ್ಟು ಇನ್ನೊಂದು ಕಣ್ಣಲ್ಲಿ ಪಂಪ್ ನೋಡೋಕಾಗಲ್ಲ. ಅರಿವಳಿಕೆ ತಜ್ಞರು ಪಕ್ಕದಲ್ಲಿ ಅದೊಂದೇ ಕೆಲಸಕ್ಕೆ ಇದ್ರೆ ಸರಿ.

ಕೆಟಮಿನ್ ಕೂಡ ಇದೇ ಸಾಲು, ಕಾರಣ ಬೇರೆ. 1962ರಲ್ಲಿ ತಯಾರಾಗಿ 1970ರಲ್ಲಿ ಮಾರುಕಟ್ಟೆಗೆ ಬಂದಿದ್ದು, ಉಸಿರು ಬಿಪಿ ಎರಡನ್ನೂ ಸಾಮಾನ್ಯವಾಗಿ ಇಳಿಯದ ಹಾಗೆ ಕಾಪಾಡತ್ತೆ, ಅದು ಸರಿ. ಆದ್ರೆ ಪೂರ್ತಿ ಡೋಸ್‌ನಲ್ಲಿ ಪೇಶಂಟ್ ಕಣ್ಣು ಬಿಟ್ಕೊಂಡು ಬೇರೆ ಲೋಕದಲ್ಲಿರ್ತಾರೆ, "ಬಾಯಿ ತೆಗೀರಿ" ಅಂದ್ರೆ ಕೇಳಿಸಲ್ಲ. ಹಂತ 1ರ ಗೆರೆ ದಾಟಿ ಆಯ್ತು. ಜೊಲ್ಲು ಜಾಸ್ತಿ, ಗಂಟಲ ಹತ್ರ ನೀರು, ಅದರ ಮೇಲೆ ಲ್ಯಾರಿಂಗೋಸ್ಪಾಸ್ಮ್ (ಗಂಟಲಿನ ಧ್ವನಿಪೆಟ್ಟಿಗೆ ಬಿಗಿದು ಮುಚ್ಕೊಳ್ಳೋದು) ಅಪಾಯ, ಮೂರೂ ಒಂದೇ ಜಾಗದಲ್ಲಿ ಸೇರ್ತವೆ.

ಮಿಕ್ಸ್ ಮಾಡೋ ಆಸೆ ಬರತ್ತೆ, ಸ್ವಲ್ಪ ಫೆಂಟನಿಲ್ (ಬಲವಾದ ನೋವಿನ ಔಷಧಿ) ಸೇರಿಸಿದ್ರೆ ಮಿಡಜೊಲಾಮ್ ಕಮ್ಮಿ ಸಾಕಲ್ವಾ ಅಂತ. ಹೌದು, ಉಸಿರೂ ಕಮ್ಮಿ ಸಾಕಾಗತ್ತೆ. ಎರಡು ಸೇರಿದಾಗ ಉಸಿರು ತಗ್ಗಿಸೋದು ಕೂಡಿಸೋ ಲೆಕ್ಕ ಅಲ್ಲ, ಗುಣಿಸೋ ಲೆಕ್ಕ. ಬಾಯಿ ಮೂಲಕ ಮಿಡಜೊಲಾಮ್ ಕೊಟ್ಟು ಮೇಲೆ ನೈಟ್ರಸ್ ಹಿಡಿಯೋದೂ ಇದೇ ಥರ ಒಳಕ್ಕೆ ಎಳ್ಕೊಂಡು ಹೋಗಬಹುದು.

ಹಂತ 5: ಔಷಧಿ ಹಾಳೆ ಪಕ್ಕ ಪೇಶಂಟ್ ಹಾಳೆ ಇಡಿ

ಎಎಸ್ಎ (ಅರಿವಳಿಕೆ ತಜ್ಞರ ಆರೋಗ್ಯ ವರ್ಗೀಕರಣ) 1 ಮತ್ತೆ 2, ಅಂದ್ರೆ ಆರೋಗ್ಯವಾಗಿರೋರು ಮತ್ತೆ ಸಣ್ಣ ಕಾಯಿಲೆ ಇರೋರು ಅಷ್ಟೇ ಮಾಮೂಲಿ ಚೇರ್‌ನಲ್ಲಿ. ಗೊರಕೆ ಹೊಡೀತೀರಾ, ನಿದ್ದೇಲಿ ಉಸಿರು ಕಟ್ಟಿದಂಗಾಗಿ ಏಳ್ತೀರಾ ಅಂತ ಕೇಳಿ, ಗಂಡನ್ನೋ ಹೆಂಡತೀನೋ ಕೇಳಿದ್ರೆ ಇನ್ನೂ ನಿಜ ಗೊತ್ತಾಗತ್ತೆ. ಭಯ ಅಳೆಯೋಕೆ ಮಾರ್ಪಡಿಸಿದ ಡೆಂಟಲ್ ಆಂಗ್ಸೈಟಿ ಸ್ಕೇಲ್ ಇದೆ, ಐದು ಪ್ರಶ್ನೆ, 5ರಿಂದ 25 ಅಂಕ, 19 ಅಥವಾ ಮೇಲೆ ಬಂದ್ರೆ ವಿಪರೀತ ಭಯ. 11 ಬಂದವ್ರಿಗೆ ಔಷಧಿ ಬದಲು ಹತ್ತು ನಿಮಿಷ ಕೂತು ಮಾತಾಡಿದ್ರೂ ನಡೆಯತ್ತೆ.

ಮಾತ್ರೆ ಪಟ್ಟಿ ನೋಡುವಾಗ ನಾವು ನಾವೇ ಬರೆದುಕೊಟ್ಟಿದ್ದನ್ನ ಮರೀತೀವಿ. ಹಲ್ಲಿನ ಸೋಂಕಿಗೆ ಅಂತ ಕೊಟ್ಟ ಕ್ಲಾರಿಥ್ರೋಮೈಸಿನ್, ಎರಿಥ್ರೋಮೈಸಿನ್, ಬಾಯಿ ಫಂಗಸ್‌ಗೆ ಅಂತ ಕೊಡೋ ಐಟ್ರಕೊನಜೋಲ್, ಇವೆಲ್ಲ ಸಿವೈಪಿ3ಎ4 ಬಾಗಿಲು ಮುಚ್ತವೆ, ಆಗ ಮಿಡಜೊಲಾಮ್, ಟ್ರಯಜೋಲಾಮ್ ಎರಡೂ ಒಳಗೇ ಉಳ್ಕೊಳ್ತವೆ. ಕಾರ್ಬಮಜೆಪಿನ್, ರಿಫಾಂಪಿಸಿನ್ ಉಲ್ಟಾ, ಬೇಗ ಖಾಲಿ ಮಾಡ್ತವೆ.

ಮಕ್ಕಳಲ್ಲಿ ಎಲ್ಲರೂ ಮರೆಯೋ ಲೆಕ್ಕ ಲೋಕಲ್ ಅನೆಸ್ತೀಸಿಯಾದ್ದು. 15 ಕೆಜಿ ಮಗು, ಲಿಡೊಕೇನ್ ಕೆಜಿಗೆ 4.4 ಎಂಜಿ ಮಿತಿ ಇಟ್ಕೊಂಡ್ರೆ 66 ಎಂಜಿ. 2 ಪರ್ಸೆಂಟ್‌ನ 1.8 ಮಿಲಿ ಕಾರ್ಟ್ರಿಜ್ ಒಂದರಲ್ಲಿ 36 ಎಂಜಿ. ಅಂದ್ರೆ ಎರಡು ಕಾರ್ಟ್ರಿಜ್ ಪೂರ್ತಿ ಹಾಕಿದ್ರೆ ಮಿತಿ ದಾಟಿತು. ನಾಲ್ಕೂ ಕಡೆ ಕೆಲಸ ಒಂದೇ ದಿನ ಮುಗಿಸೋಣ ಅಂತ ಹೊರಟ್ರೆ ಮಂಪರಿನ ಜೊತೆ ಇದೂ ಸೇರ್ಕೊಳ್ಳತ್ತೆ, ಮಗು ಜಾಸ್ತಿ ಮಲಗಿದ್ದಕ್ಕೆ ಬೈಗುಳ ಸೆಡೇಶನ್ ಔಷಧಿಗೆ ಹೋಗತ್ತೆ.

ಹಂತ 6: ಸಂಶೋಧನಾ ಪೇಪರ್ ಓದುವಾಗ ಎಲ್ಲಿ ಕಣ್ಣಿಡಬೇಕು

ಅಬ್‌ಸ್ಟ್ರಾಕ್ಟ್ ಓದಿ ನಿರ್ಧಾರ ಮಾಡಬೇಡಿ. ಮೊದ್ಲು ಯಾವುದಕ್ಕೆ ಹೋಲಿಸಿದಾರೆ, ಎದುರಾಳಿಗೆ ಸರಿಯಾದ ಡೋಸ್ ಕೊಟ್ಟಿದಾರಾ ನೋಡಿ. ರೆಮಿಮಜೊಲಾಮ್‌ನ ಕೊಲೊನೊಸ್ಕೋಪಿ ಟ್ರಯಲ್ ಒಂದರಲ್ಲಿ ಯಶಸ್ಸು 91 ಪರ್ಸೆಂಟ್, ಮಿಡಜೊಲಾಮ್‌ಗೆ 25 ಪರ್ಸೆಂಟ್. ದಿನಾ ಮಿಡಜೊಲಾಮ್ ಕೊಡೋರು ಯಾರಾದ್ರೂ ಈ 25 ನೋಡಿದ್ರೆ ಹುಬ್ಬೇರಿಸ್ತಾರೆ. ಆ ಗುಂಪಿಗೆ ಡೋಸ್ ಲೇಬಲ್ ಪ್ರಕಾರ ಬಿಗಿಯಾಗಿ ಕಟ್ಟಿದ್ರು, ಮೇಲಾಗಿ ಯಾವ ಔಷಧಿ ಅಂತ ಕೊಡೋರಿಗೆ ಗೊತ್ತಿತ್ತು. ಔಷಧಿ ಕೆಟ್ಟದ್ದು ಅಂತ ಇದರಿಂದ ಹೇಳೋಕಾಗಲ್ಲ, 91 ಮತ್ತು 25ರ ನಡುವಿನ ಆ ಕಂದಕ ಮಾತ್ರ ನಿಮ್ಮ ಚೇರ್‌ನಲ್ಲಿ ಕಾಣಲ್ಲ.

ಆಮೇಲೆ "ಯಾವ ಗಂಭೀರ ಅಡ್ಡಪರಿಣಾಮವೂ ಆಗಿಲ್ಲ" ಅನ್ನೋ ಸಾಲು. ಎಷ್ಟು ಜನರಲ್ಲಿ? ಒಂದು ಸುಲಭ ಲೆಕ್ಕ ಇದೆ, 3ನ್ನ ಒಟ್ಟು ಜನರ ಸಂಖ್ಯೆಯಿಂದ ಭಾಗಿಸಿ. 60 ಜನರಲ್ಲಿ ಒಂದೂ ಆಗಿಲ್ಲ ಅಂದ್ರೆ ನಿಜವಾದ ಅಪಾಯ 5 ಪರ್ಸೆಂಟ್ ತನಕಾನೂ ಇರಬಹುದು. ಇಪ್ಪತ್ತರಲ್ಲಿ ಒಬ್ಬರು! ಡೆಂಟಲ್ ಸೆಡೇಶನ್ ಪೇಪರ್‌ಗಳು ಬಹಳಷ್ಟು ಇಷ್ಟೇ ಚಿಕ್ಕವು.

ಎಚ್ಚರ ಆಯ್ತು ಅಂದ್ರೆ ಏನರ್ಥದಲ್ಲಿ ಬರೆದಿದಾರೆ ಅಂತಾನೂ ನೋಡಿ, ಕಣ್ಣು ಬಿಟ್ಟಿದ್ದಾ, ಹೆಸರು ಹೇಳಿದ್ದಾ, ಒಬ್ಬರೇ ನಡೆದಿದ್ದಾ, ಮೂರಕ್ಕೂ ಅರ್ಧ ಗಂಟೆ ವ್ಯತ್ಯಾಸ ಇರತ್ತೆ.

ಹಂತ 7: ಮೊದಲ ಹತ್ತು ಪೇಶಂಟ್

ಆ ಔಷಧಿ ದಿನಾ ಕೊಡೋರ ಪಕ್ಕ ನಿಂತು ನೋಡಿ ಬನ್ನಿ. ನಿಮ್ಮ ಟೀಮ್ ಜೊತೆ ಖಾಲಿ ಚೇರ್‌ನಲ್ಲಿ ಒಂದ್ಸಲ ನಾಟಕ ಆಡಿ: ಉಸಿರು ನಿಂತಿದೆ, ಯಾರು ಏನು ಮಾಡ್ತೀರಿ, ಬ್ಯಾಗ್ ಯಾವ ಡ್ರಾಯರ್‌ನಲ್ಲಿದೆ, ಆಕ್ಸಿಜನ್ ಸಿಲಿಂಡರ್ ಕೀ ಯಾರ ಹತ್ರ. ಮೊದ್ಲು ಆರೋಗ್ಯವಾಗಿರೋ, ವಯಸ್ಕ, ಸಣ್ಣ ಕೆಲಸದ ಪೇಶಂಟ್ ಆರಿಸಿ, ಔಷಧಿ ಒಂದೇ, ಮಿಕ್ಸ್ ಇಲ್ಲ. ಸಿರಿಂಜ್‌ಗೆ ಹೆಸರು ಮತ್ತೆ ಸಾಂದ್ರತೆ ಬರೆದ ಲೇಬಲ್ ಹಚ್ಚಿ, ಹೊಸ ಔಷಧಿಯ ಮಿಲಿ ಲೆಕ್ಕ ಕೈಗೆ ಇನ್ನೂ ಹತ್ತಿರಲ್ಲ.

ಮಾನಿಟರ್ ಬಗ್ಗೆ ಒಂದೇ ಮಾತು, ಕ್ಯಾಪ್ನೋಗ್ರಾಫ್ (ಹೊರಬಿಡೋ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆಯೋ ಯಂತ್ರ) ಇಟ್ಕೊಳ್ಳಿ. ಒಂದ್ಸಲ ನಮ್ಮ ಪೇಶಂಟ್‌ಗೆ ಮೂಗಲ್ಲಿ ಆಕ್ಸಿಜನ್ ಹೋಗ್ತಿತ್ತು, ಸ್ಯಾಚುರೇಶನ್ (ರಕ್ತದ ಆಕ್ಸಿಜನ್ ಮಟ್ಟ) 99, ಬೀಪ್ ಸೌಂಡ್ ಚೆನ್ನಾಗಿ ಬರ್ತಿತ್ತು, ಎದೆ ಮೇಲೆ ಕೆಳಗೆ ಆಡ್ತಾನೂ ಇತ್ತು, ಸ್ಕ್ರೀನ್ ಮೇಲೆ ಕಾರ್ಬನ್ ಡೈಆಕ್ಸೈಡ್ ಗೆರೆ ಮಾತ್ರ ಚಪ್ಪಟೆ. ಟ್ಯೂಬ್ ಕಳಚಿದೆ ಅಂತ ಅಸಿಸ್ಟೆಂಟ್ ಟ್ಯೂಬ್ ನೋಡೋಕೆ ಹೋದ್ರು. ಟ್ಯೂಬ್ ಸರಿಯಾಗೇ ಇತ್ತು, ನಾಲಿಗೆ ಹಿಂದಕ್ಕೆ ಬಿದ್ದು ಗಾಳಿ ಒಳಗೂ ಇಲ್ಲ ಹೊರಗೂ ಇಲ್ಲ. ಗದ್ದ ಎತ್ತಿದ ಕೂಡ್ಲೇ ಗೆರೆ ಮತ್ತೆ ಬೆಟ್ಟ ಬೆಟ್ಟವಾಗಿ ಎದ್ದಿತು, ಆ 99 ಕೊನೇ ತನಕ ಅಲುಗಾಡ್ಲಿಲ್ಲ. ಆಕ್ಸಿಜನ್ ಕೊಡ್ತಿದ್ರೆ ಬೆರಳಿನ ಕ್ಲಿಪ್ ಬಹಳ ತಡವಾಗಿ ಸತ್ಯ ಹೇಳತ್ತೆ. ಡೆಕ್ಸ್ ಆದ್ರೆ ಇದರ ಜೊತೆ ಇಸಿಜಿ, 5 ನಿಮಿಷಕ್ಕೊಂದು ಬಿಪಿ.

ಬರೆದಿಡಿ: ಕೊಟ್ಟ ಸಮಯ, ಒಟ್ಟು ಡೋಸ್, ಸೂಜಿ ಚುಚ್ಚಿದಾಗ ಹೇಗಿದ್ರು, ಮಾತಿಗೆ ಪ್ರತಿಕ್ರಿಯೆ ಎಷ್ಟು ಸಲ ತಪ್ಪಿತು, ಅತಿ ಕಮ್ಮಿ ಸ್ಯಾಚುರೇಶನ್, ಅತಿ ಕಮ್ಮಿ ನಾಡಿ, ಒಬ್ಬರೇ ನಡೆದ ಸಮಯ, ಮನೆಗೆ ಹೋದ ಸಮಯ. ಜೊತೆಗೆ ಬಂದವ್ರು ಇಲ್ದೆ ಯಾರನ್ನೂ ಕಳಿಸಬೇಡಿ, ಬೇಗ ಇಳಿಯೋ ಔಷಧಿ ಅಂತ ಗಾಡಿ ಓಡಿಸೋಕೂ ಬಿಡಬೇಡಿ. ಮಾರನೇ ದಿನ ಫೋನ್ ಮಾಡಿ, ಏನು ನೆನಪಿದೆ, ಮತ್ತೆ ಇದೇ ಥರ ಮಾಡಿಸ್ಕೊಳ್ತೀರಾ ಅಂತ ಎರಡೇ ಪ್ರಶ್ನೆ.

ಹಂತ 8: ಹಳೇ ಹಾಳೆ ತೆಗೆದು ನೋಡಿ

ಹತ್ತು ಜನ ಆದ ಮೇಲೆ ಹಂತ 2ರಲ್ಲಿ ಬರೆದ ತೊಂದ್ರೆ ಪಟ್ಟಿ ತೆಗೀರಿ. ಎಚ್ಚರ ಲೇಟ್ ಅಂತ ಬರೆದಿದ್ರೆ ಮನೆಗೆ ಹೋದ ಸಮಯ ನಿಜವಾಗ್ಲೂ ಕಮ್ಮಿ ಆಯ್ತಾ, ಅಥವಾ ಎಚ್ಚರ ಬೇಗ ಆಗಿ ಬಿಲ್ ಕೌಂಟರ್ ಹತ್ರ ಕಾದ್ರಾ? ನಮ್ಮಲ್ಲಿ ಒಂದ್ಸಲ ಲೆಕ್ಕ ಹಾಕಿದಾಗ ಗೊತ್ತಾಗಿದ್ದು, ಮಿಡಜೊಲಾಮ್ ಪೇಶಂಟ್‌ಗಳು ಲೇಟ್ ಆಗ್ತಿದ್ದಕ್ಕೆ ಅರ್ಧ ಕಾರಣ ನಾವು ಕೊನೇ ಹೊಲಿಗೆ ಹೊತ್ತಿಗೆ ಸುಮ್ನೆ ಇನ್ನೊಂದು ಎಂಜಿ ಕೊಡ್ತಿದ್ದ ಚಾಳಿ. ಅದು ಬಿಟ್ವಿ, ಹೊಸ ಔಷಧಿ ತರಿಸ್ಲಿಲ್ಲ.

ಈಗ ನನ್ನ ಟ್ರಾಲಿ ಹೀಗಿದೆ: ದೊಡ್ಡವ್ರಿಗೆ ಮಿಡಜೊಲಾಮ್, ಮೂಗು ಮುಚ್ಕೊಳ್ದೆ ಇರೋ ಎಲ್ಲ ವಯಸ್ಸಿನವ್ರಿಗೆ ಮೊದ್ಲು ನೈಟ್ರಸ್, ಆಯ್ದ ಕೆಲವು ಮಕ್ಕಳಿಗೆ ಅರಿವಳಿಕೆ ತಜ್ಞರು ಬರೋ ದಿನ ಮಾತ್ರ ಮೂಗಿಗೆ ಡೆಕ್ಸ್. ರೆಮಿಮಜೊಲಾಮ್ ಹಾಳೆಯಲ್ಲಿ ನಾಲ್ಕು ಪ್ರಶ್ನೆಗೆ ಉತ್ತರ ತುಂಬಿದೆ, ಉದ್ದದ ಸರ್ಜರಿಗೆ ಎಷ್ಟು ಸಲ ಕೊಡ್ಬೇಕಾಗತ್ತೆ ಅನ್ನೋ ಜಾಗ ಇನ್ನೂ ಖಾಲಿ, ಅದು ತುಂಬೋ ತನಕ ಆ ಹಾಳೆ ಫೈಲ್‌ನಲ್ಲೇ ಇರತ್ತೆ.